ಎರಡು ಸಹಿಗಾಗಿ ನಾಲ್ಕು ತಾಲ್ಲೂಕು

ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳೂವರೆಗೆ ಚನ್ನಗಿರಿ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಎಪ್ಪತ್ತೈದು ರೂಪಾಯಿ. ಸರ್ಕಾರಿ ಬಸ್ಸಿನಲ್ಲಾದರೆ ನಮ್ಮಂಥ ಹೆಂಗಸರಿಗೆ ಪುಕ್ಕಟೆ, ಆದರೆ ಅದು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಅರವತ್ನಾಲ್ಕರ ಮಂಡಿಗೆ ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಇಲ್ಲ. ಚೀಲದಲ್ಲಿ ಎರಡು ಸೀರೆ, ಬಿ.ಪಿ. ಮಾತ್ರೆ, ಮಗಳು ಕಟ್ಟಿಕೊಟ್ಟ ಚಪಾತಿ, ಮತ್ತು ಪ್ಲಾಸ್ಟಿಕ್ ಫೈಲಿನಲ್ಲಿ ಎರಡು ಒಪ್ಪಂದ ಪತ್ರಗಳಿದ್ದವು.

ಆ ಪತ್ರಗಳ ಕಥೆ ಇಷ್ಟು. ಮೂವತ್ತು ವರ್ಷಕ್ಕೂ ಹಿಂದೆ ನಾನು ದಾವಣಗೆರೆಯ ಒಂದು ಸಣ್ಣ ಕ್ಯಾಸೆಟ್ ಕಂಪನಿಯಲ್ಲಿದ್ದೆ. ಹಳ್ಳಿಗಳಲ್ಲಿ ಚೆನ್ನಾಗಿ ಹಾಡುವವರನ್ನು ಹುಡುಕಿ, ಅವರ ದನಿಯನ್ನು ಟೇಪಿಗೆ ಇಳಿಸಿಕೊಂಡು ಬರುವುದು ನನ್ನ ಕೆಲಸ. ಗಂಡಸರು ಹೋಗಿ "ನಿಮ್ಮ ಮಗಳ ಕೈಲಿ ಹಾಡಿಸ್ರಿ" ಎಂದರೆ ಯಾರೂ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಕಂಪನಿಯ ಸಾಹುಕಾರರು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು. ಈಗ ಅವರಿಲ್ಲ. ಅವರ ಮಗ ಹಳೆಯ ಟೇಪುಗಳನ್ನೆಲ್ಲ ಬೆಂಗಳೂರಿನ ಒಂದು ಸಂಗೀತ ಕಂಪನಿಗೆ ಮಾರಿದ್ದಾನೆ. ಅವರಿಗೆ ಅದರಲ್ಲಿ ಇಬ್ಬರ ದನಿ ಬಹಳ ಹಿಡಿಸಿ, ಫೋನಿನಲ್ಲಿ ಜಗತ್ತಿಗೆಲ್ಲ ಕೇಳಿಸಬೇಕು ಎಂದಿದ್ದಾರೆ. ಅದಕ್ಕೆ ಹಾಡಿದವರ ಸಹಿ ಬೇಕು. ಹಳೆಯ ಕಂಪನಿಯಲ್ಲಿ ಅವರ ಮುಖ ಕಂಡವರಲ್ಲಿ ಈಗ ಬದುಕಿರುವವಳು ನಾನೊಬ್ಬಳೇ.

ತ್ಯಾವಣಿಗೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ನಾನು ಮೊದಲ ಸಲ ಸೋಬಾನೆ ಪದ ರೆಕಾರ್ಡ್ ಮಾಡಿದ್ದು ಈ ಊರಿನ ಮದುವೆ ಮನೆಯಲ್ಲೇ. ಹಸೆಮಣೆಯ ಮುಂದೆ ಆರು ಜನ ಹೆಂಗಸರು ಹಾಡುತ್ತಿದ್ದರು. ನಾನು ಮೈಕನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದೆ. ಕಂಡರೆ ಅವರ ಗಂಟಲು ಕಟ್ಟುತ್ತದೆ ಎಂದು ಅಷ್ಟರಲ್ಲಾಗಲೇ ಕಲಿತಿದ್ದೆ. ದಾವಣಗೆರೆಗೆ ಬಂದು ಹಾಕಿ ಕೇಳಿದರೆ ಪದಕ್ಕಿಂತ ಜೋರಾಗಿ ಕೋಳಿ ಕೂಗುತ್ತಿತ್ತು. ಸಾಹುಕಾರರು ಬೈಯಲಿಲ್ಲ. "ಕೋಳೀದೂ ಒಂದು ಸಹಿ ತಗಂಬರಬೇಕಿತ್ತಮ್ಮ" ಎಂದರು.

ಚನ್ನಗಿರಿಯಲ್ಲಿ ರುದ್ರಪ್ಪನವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವರು ಆಗಲೂ ಅಡಿಕೆ ಮಂಡಿಯಲ್ಲಿ ತೂಕ ಹಾಕುತ್ತಿದ್ದರು, ಈಗಲೂ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಭಜನೆ ಪದದಲ್ಲಿ ಅವರನ್ನು ಮೀರಿಸುವವರು ಈ ಕಡೆ ಇರಲಿಲ್ಲ. ಈಗ ದನಿ ಒಡೆದು, ಮಾತಾಡಿದರೆ ಒಣಗಿದ ಗೋಣಿಚೀಲ ಎಳೆದಂತೆ ಕೇಳುತ್ತದೆ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಟೇಪಿನಮ್ಮ ಅಲ್ಲೇನ್ರಿ? ಕೂದ್ಲೆಲ್ಲ ಬೆಳ್ಳಗಾಗ್ಯಾವಲ್ರಿ."

ಬೆಂಗಳೂರಿನವರು ನನ್ನ ಫೋನಿಗೆ ಕಳಿಸಿದ್ದ ಅವರ ಹಳೆಯ ಪದ ಹಾಕಿ ಕೊಟ್ಟೆ. ಹಮಾಲರು ಮೂಟೆ ಇಳಿಸಿ ಸುತ್ತ ನಿಂತರು. ರುದ್ರಪ್ಪನವರು ಫೋನನ್ನು ಕಿವಿಗೆ ಒತ್ತಿಕೊಂಡು ಕಡೆಯವರೆಗೆ ಕೇಳಿದರು. ಪದ ಮುಗಿದ ಮೇಲೂ ಫೋನು ಕಿವಿಯಲ್ಲೇ ಇತ್ತು.

"ಇವನು ನನಗಿಂತ ಚೆನ್ನಾಗಿ ಹಾಡ್ತಾನೆ ಬಿಡ್ರಿ" ಎಂದರು. "ಎಲ್ಲಿ ಹಾಕ್ಬೇಕ್ರಿ ಸಹಿ?"

ಅವರಿಗೆ ಓದಿ ಹೇಳಲು ಹೊರಟೆ. ಬೇಡ ಎಂದು ಕೈಯಾಡಿಸಿದರು. ಸಹಿ ಹಾಕಿ, ಮಂಡಿಯ ಎದುರಿನ ಹೋಟೆಲಿನಿಂದ ಇಡ್ಲಿ, ಚಹಾ ತರಿಸಿದರು. ಮತ್ತೆ ಎರಡು ಸಲ ಪದ ಹಾಕಿಸಿಕೊಂಡು ಕೇಳಿದರು. ಒಂದು ಸಹಿ ಇಷ್ಟು ಸುಲಭವಾಗಿ ಆಯಿತಲ್ಲ ಎಂದು ನಾನೂ ಹಗುರಾದೆ.

ಮಧ್ಯಾಹ್ನದ ಮೇಲೆ ಬಸ್ಸು ಬದಲಿಸಿ ಹೊನ್ನಾಳಿ ತಲುಪಿದಾಗ ಬಿಸಿಲು ಇಳಿದಿತ್ತು. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ತುಂಗಭದ್ರೆಯ ಸೇತುವೆಯ ಕಡೆ ನಡೆದೆ. ನೀರು ಕಡಿಮೆಯಾಗಿ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ನಾನು ಹಿಂದೆ ಉಳಿದುಕೊಳ್ಳುತ್ತಿದ್ದ ಲಾಡ್ಜಿನ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದೆ. ಆ ಲಾಡ್ಜಿಗೆ ಸಾಹುಕಾರರು ತಿಂಗಳಿಗೊಮ್ಮೆ ಬರುತ್ತಿದ್ದರು. ನಾನು ಊರೂರು ಸುತ್ತಿ ತಂದ ಟೇಪುಗಳನ್ನು ಒಂದೊಂದಾಗಿ ಹಾಕುತ್ತಿದ್ದೆ. ಅವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೇ ಸಾಲಿಗೇ ಕಣ್ಣು ಬಿಟ್ಟರೆ ಬೇಡ ಎಂದರ್ಥ. ಪದ ಮುಗಿದ ಮೇಲೂ ಮುಚ್ಚಿಕೊಂಡೇ ಇದ್ದರೆ ಮರುದಿನ ಒಪ್ಪಂದದ ಕಾಗದ ಹಿಡಿದು ನಾನು ಆ ಊರಿಗೆ ಹೋಗಬೇಕು. ಎಷ್ಟು ಜನರ ಅದೃಷ್ಟ ಆ ಕೋಣೆಯಲ್ಲಿ ಅವರ ರೆಪ್ಪೆಯ ಮೇಲೆ ನಿಂತಿತ್ತೋ.

ಎರಡನೆಯ ಸಹಿ ಹಾಕಬೇಕಾಗಿದ್ದ ನ್ಯಾಮತಿಯ ಗಿರಿಜಾಳ ಟೇಪನ್ನು ಅವರು ಮೂರು ಸಲ ಹಾಕಿಸಿದ್ದರು. ಅವಳಿಗಾಗ ಇಪ್ಪತ್ತೆರಡು ವರ್ಷ. ಮದುವೆಯಾಗಿರಲಿಲ್ಲ. ಅವ್ವ, ಮಗಳು ಇಬ್ಬರೂ ಕೂತು ಹಾಡಿದ ನಾಲ್ಕು ಸೋಬಾನೆ ಪದ. ಮರುದಿನವೇ ಹೋಗಿ ಸಹಿ ಹಾಕಿಸಿದೆ. ಒಪ್ಪಂದ ಇಂಗ್ಲಿಷಿನಲ್ಲಿತ್ತು. ಐದು ವರ್ಷ ಬೇರೆ ಯಾರಿಗೂ ಹಾಡುವಂತಿಲ್ಲ ಎಂಬುದು ಅದರ ಮುಖ್ಯ ಮಾತು. "ಚಿಂತೆ ಮಾಡಬೇಡ, ಎಲ್ಲರೂ ಹಾಕ್ತಾರೆ" ಎಂದಷ್ಟೇ ಹೇಳಿದ್ದೆ. ಆಮೇಲೆ ಆ ಕ್ಯಾಸೆಟ್ ಹೊರಗೆ ಬರಲೇ ಇಲ್ಲ. ಹಳ್ಳಿ ಹುಡುಗಿಯ ಹೆಸರಿಗೆ ಅಂಗಡಿಯವರು ಆರ್ಡರ್ ಕೊಡುವುದಿಲ್ಲ ಎಂದು ಸಾಹುಕಾರರ ಮನಸ್ಸು ಬದಲಾಯಿತು. ಅವಳ ಟೇಪು ಕೇಳಿ ಪದಗಳನ್ನು ಬರೆದುಕೊಡಲು ನನಗೆ ಹೇಳಿದರು. ಬರೆದುಕೊಟ್ಟೆ. ಪಟ್ಟಣದ ಹೆಸರಾಂತ ಗಾಯಕಿಯೊಬ್ಬರು ತಬಲ, ಕೀಬೋರ್ಡ್ ಸಮೇತ ಅವನ್ನು ಹಾಡಿದರು. ಕ್ಯಾಸೆಟ್ ಚೆನ್ನಾಗಿ ಓಡಿತು.

ಇದೆಲ್ಲ ನೆನಪಾಗಿ, ಸೇತುವೆಯ ಮೇಲೆ ಮಂಡಕ್ಕಿ ಪೊಟ್ಟಣ ಹಿಡಿದು ನಿಂತ ನನಗೆ ತಿನ್ನಲು ಮನಸ್ಸಾಗಲಿಲ್ಲ.

ರಾತ್ರಿ ಹೊನ್ನಾಳಿಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ನ್ಯಾಮತಿಗೆ ಅರ್ಧ ಗಂಟೆಯ ದಾರಿ. ಈ ಸಲ ಸರ್ಕಾರಿ ಬಸ್ಸು ಸಿಕ್ಕಿತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಗಿರಿಜಾಳ ತವರುಮನೆಯ ಮುಂಭಾಗದಲ್ಲಿ ಈಗ ಹಿಟ್ಟಿನ ಗಿರಣಿ ಇದೆ. ಅವಳ ತಮ್ಮ ಬಸವರಾಜ ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಮುಖದಲ್ಲಿ ಹೊರಬಂದು, ನಾನು ಯಾರೆಂದು ತಿಳಿದ ಮೇಲೆ ಗಿರಣಿ ನಿಲ್ಲಿಸಿದ.

"ಅಕ್ಕನ್ನ ಜಗಳೂರು ಕಡಿಗೆ ಕೊಟ್ಟೀವ್ರಿ, ಸೊಕ್ಕೆಗೆ. ಅಲ್ಲಿ ಸಾಲ್ಯಾಗೆ ಬಿಸಿಯೂಟ ಮಾಡ್ತಾಳೆ. ಅವ್ವ ಹೋಗಿ ಎಂಟು ವರ್ಷ ಆತು."

ಸಹಿಯ ವಿಷಯ ಹೇಳಿದೆ. ಅವನು ಕೈಯ ಹಿಟ್ಟನ್ನು ನಿಧಾನವಾಗಿ ಒರೆಸಿಕೊಂಡ.

"ನಿಮಗೆ ಗೊತ್ತೈತೋ ಇಲ್ಲೋ. ನೀವು ಬಂದು ಹೋದ ಎರಡನೇ ವರ್ಷ ಹುಬ್ಬಳ್ಳಿ ಕಡೆಯ ಇನ್ನೊಂದು ಕಂಪನಿಯೋರು ಬಂದಿದ್ರು. ಕಾರು ತಂದಿದ್ರು. ಅವತ್ತೇ ಕರ್ಕಂಡು ಹೋಗಿ ಹಾಡಿಸ್ತೀವಿ ಅಂದ್ರು. ಅಕ್ಕ ಒಲ್ಲೆ ಅಂದ್ಲು. ಸಹಿ ಹಾಕೀನಿ, ಮಾತು ತಪ್ಪಾಕೆ ಆಗಲ್ಲ ಅಂತ."

"ನಮ್ಮ ಕ್ಯಾಸೆಟ್ ಬರಲೇ ಇಲ್ಲವಲ್ಲ, ಆದರೂ?"

"ಬರ್ತೈತೆ ಅಂತ ಕಾಯ್ತಿದ್ಲು, ಅಷ್ಟೇರಿ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ಕಾಗದ ಬರೆದಿದ್ದರೆ ಸಾಕಿತ್ತು, ನೀನು ಬಿಡುಗಡೆ ಎಂದು. ಬರೆಯಬೇಕೆಂದು ನನಗೆ ಹೊಳೆದಿರಲೂ ಇಲ್ಲ. ಬಸವರಾಜನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ದಾವಣಗೆರೆಗೆ ಹೊರಟುಬಿಟ್ಟೆ. ಮನೆಗೆ ಹೋಗಿ ಒಂದು ರಾತ್ರಿ ಮಲಗೆದ್ದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಸಿಗಲಿಲ್ಲ ಎಂದರೆ ಬೆಂಗಳೂರಿನವರು ನಂಬುತ್ತಿದ್ದರು. ಮಗಳು, "ಅಮ್ಮ, ಹೋಗಿ ಬಾ. ಇಲ್ಲಾಂದ್ರೆ ನಿನಗೆ ನಿದ್ದೆ ಬರಲ್ಲ" ಎಂದಳು.

ಮೂರನೇ ದಿನ ಜಗಳೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸೊಕ್ಕೆಗೆ ಹೋದೆ. ಹೊನ್ನಾಳಿಯ ಹಸಿರಿಲ್ಲ ಇಲ್ಲಿ. ಕಟಾವಾದ ಮೆಕ್ಕೆಜೋಳದ ಹೊಲಗಳು, ಕೆಂಪು ಮಣ್ಣು, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಹನ್ನೊಂದಕ್ಕೇ ಬಿಸಿಲು ನೆತ್ತಿಗೆ ಬಂದಿತ್ತು. ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ಒಬ್ಬಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ದೊಡ್ಡ ಪಾತ್ರೆಯ ಸಾಂಬಾರು ತಿರುವುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಪಕ್ಕದವಳಿಗೆ "ಉಪ್ಪು ತಗಾ" ಎಂದಳು. ಎರಡೇ ಮಾತು. ಆ ದನಿ ನನಗೆ ಗೊತ್ತಿತ್ತು.

"ಗಿರಿಜಮ್ಮ" ಎಂದೆ.

ಆಕೆ ತಿರುಗಿ ನೋಡಿದಳು. "ಅಕ್ಕಾರೆ, ಕೂತ್ಕಳ್ರಿ. ಮಕ್ಕಳು ಉಂಡು ಬಿಡ್ಲಿ, ಆಮೇಲೆ ಮಾತಾಡಾಣ" ಎಂದಳು. ಮೂವತ್ತು ವರ್ಷದ ಮೇಲೆ ನೋಡುತ್ತಿದ್ದೇವೆ ಎಂಬ ಆಶ್ಚರ್ಯವೇ ಇರಲಿಲ್ಲ. ಬಸವರಾಜ ಫೋನ್ ಮಾಡಿ ಹೇಳಿದ್ದನಂತೆ.

ಪಾತ್ರೆ ತೊಳೆದಾದ ಮೇಲೆ ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಊಟವಾದ ಮೇಲೆ ನಾನು ಫೈಲು ತೆಗೆದೆ.

"ಅವತ್ತು ನೀವು ಓದಿ ಹೇಳಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಪೂರ್ತಿ ಓದ್ರಿ. ಕನ್ನಡದಾಗೆ ಹೇಳ್ರಿ."

ಓದಿದೆ. ಆರು ಪುಟ. ಈಗಿರುವ ಮತ್ತು ಇನ್ನು ಮುಂದೆ ಕಂಡುಹಿಡಿಯುವ ಎಲ್ಲ ಯಂತ್ರಗಳಲ್ಲಿ, ಜಗತ್ತಿನ ಎಲ್ಲ ಭಾಗಗಳಲ್ಲಿ, ಎಂದೆಂದಿಗೂ, ಎಂಬಲ್ಲಿ ಆಕೆ ಸ್ವಲ್ಪ ನಕ್ಕಳು. ನಾಲ್ಕನೇ ಪುಟದಲ್ಲಿ ತಡೆದಳು. ಬೇರೆ ಯಾರಾದರೂ ರೆಕಾರ್ಡ್ ಮಾಡಿಕೊಳ್ಳುವ ಕಡೆ ಆಕೆ ಈ ಪದಗಳನ್ನು ಹಾಡಬಾರದು ಎಂದು ಅಲ್ಲಿತ್ತು.

"ಹಂಗಂದ್ರೆ ಹೆಂಗೆ? ಇಲ್ಲಿ ಮದುವಿ ಮನ್ಯಾಗೆ ನಾನೇ ಹಾಡೋದು. ಎಲ್ಲಾರ ಕೈಯಾಗೂ ಫೋನ್ ಐತೆ. ಹಿಡ್ಕಂಡಿರ್ತಾರೆ."

"ಅದನ್ನ ತೆಗೆಸೋಕೆ ಆಗ್ತದೇನೋ ಕೇಳ್ತೀನಿ" ಎಂದು ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿದೆ. ಮಾತಾಡಿದ ಯುವಕ ಬಹಳ ಮರ್ಯಾದಸ್ಥ. ಎಲ್ಲರಿಗೂ ಇದೇ ನಮೂನೆ, ಒಬ್ಬರಿಗಾಗಿ ಬದಲಿಸಲು ಬರುವುದಿಲ್ಲ ಎಂದ. "ಸಹಿ ಹಾಕಿಸಿಬಿಡಿ ಮೇಡಂ, ಮದುವೆ ಮನೆಗೆ ಬಂದು ಯಾರು ನೋಡ್ತಾರೆ" ಎಂದೂ ಹೇಳಿದ. ನಾನು ಇದನ್ನು ಹಾಗೆಯೇ ಗಿರಿಜಮ್ಮನಿಗೆ ಹೇಳಿದೆ.

"ಯಾರೂ ನೋಡದಿದ್ರೂ ಸಹಿ ಸಹೀನೇ ಅಲ್ಲೇನ್ರಿ. ಬ್ಯಾಡ ಬಿಡ್ರಿ" ಎಂದಳು.

ಕಾಗದ ಮಡಚಿಟ್ಟೆ. ಒಳಗೊಳಗೆ ಸಮಾಧಾನವೇ ಆಯಿತು.

ಆಮೇಲೆ ಆಕೆಗೆ ತನ್ನ ಟೇಪು ಕೇಳಬೇಕೆನಿಸಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲವಂತೆ. ಫೋನನ್ನು ರೊಟ್ಟಿ ಬುಟ್ಟಿಯ ಮೇಲೆ ಇಟ್ಟು ಹಾಕಿದೆ. ತನ್ನ ದನಿ ಬಂದಾಗ ಗಿರಿಜಮ್ಮ ಗೋಡೆಗೆ ಒರಗಿ ಕೂತಿದ್ದಳು. ಎರಡನೆಯ ಸಾಲನ್ನು ಎತ್ತಿಕೊಂಡ ಇನ್ನೊಬ್ಬಾಕೆಯ ಸಣ್ಣ, ಗಟ್ಟಿ ದನಿ ಕೇಳಿದಾಗ ಮಾತ್ರ ಮುಂದಕ್ಕೆ ಬಾಗಿದಳು.

"ಅವ್ವ" ಎಂದಳು. "ಅವ್ವನ ಫೋಟೋ ಐತೆ. ದನಿ ಇರಲಿಲ್ಲ ನಮ್ಮ ಹತ್ರ."

ನಾಲ್ಕೂ ಪದಗಳನ್ನು ಆಕೆಯ ಫೋನಿಗೆ ಕಳಿಸಿದೆ. ಯಾರಿಗೂ ಕೊಡಬಾರದೆಂದು ಕಂಪನಿಯವರು ಹೇಳಿದ್ದರು. ಕೊಟ್ಟೆ.

ಸಂಜೆ ಬಸ್ಸಿನವರೆಗೆ ಬಂದಳು. ಬೇವಿನ ಮರದ ನೆರಳಿನ ಕಟ್ಟೆಯ ಮೇಲೆ ಕೂತಾಗ ಉಳಿದದ್ದನ್ನೂ ಹೇಳಿಬಿಟ್ಟೆ. ನಿನ್ನ ಪದಗಳನ್ನು ಬೇರೆಯವರ ಕೈಲಿ ಹಾಡಿಸಿದರು, ಬರೆದುಕೊಟ್ಟವಳು ನಾನೇ ಎಂದೆ.

"ಗೊತ್ತಿತ್ರಿ" ಎಂದಳು. "ಹುಬ್ಬಳ್ಳಿಯೋರು ಬಂದು ಹೋದ ಮೇಲೆ ಹೊನ್ನಾಳಿ ಬಸ್ಸಿನಾಗೆ ಆ ಕ್ಯಾಸೆಟ್ ಹಾಕ್ತಿದ್ರು. ಅವ್ವನೂ ನಾನೂ ಕೂತು ಕೇಳಿದ್ವಿ. ನನಗೆ ಅಳು ಬಂತು. ಅವ್ವ ಏನಂದ್ಲು ಗೊತ್ತೇನ್ರಿ? ಯಾರೋ ತಪ್ಪು ಬರ್ಕಂಡಾರೆ, ಮಗಳೇ ಅಂದ್ಲು."

"ಯಾವುದು ತಪ್ಪು?"

"ಮಗಳು ಗಂಡನ ಮನಿಗೆ ಹೋಗೋ ಪದ. ‘ಅಂಗಳದಾಗೆ ಅವಳೇ ಬಿಕ್ಕಿ ಹೋದಾಳು’ ಅಂತ ಹಾಡಿಸ್ಯಾರೆ. ಅಳಾದು ಎಲ್ಲಿ ಬಂತ್ರಿ? ‘ಅಂಗಳದಾಗೆ ಅವರೆ ಬಿತ್ತಿ ಹೋದಾಳು.’ ಬಿಕ್ಕಿ ಅಲ್ಲ, ಬಿತ್ತಿ. ಹೋಗೋ ಮುಂಚೆ ತವರಿಗೆ ಅವರೆಕಾಳು ಬಿತ್ತಿ ಹೋಗ್ತಾಳೆ."

ಅಂದು ಟೇಪನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ, ಎಷ್ಟೋ ಸಲ ಕೇಳಿ ಬರೆದಿದ್ದೆ. ಹೊರಟ ಹೆಣ್ಣೆಂದರೆ ಅಳಲೇಬೇಕೆಂದು ನನ್ನ ಕಿವಿಯೇ ತೀರ್ಮಾನಿಸಿತ್ತು.

"ಇನ್ನೊಂದ್ಸಲ ಹೇಳಮ್ಮ" ಎಂದೆ.

ಆಕೆ ಹೇಳಲಿಲ್ಲ, ಹಾಡಿದಳು. ದನಿ ದಪ್ಪವಾಗಿತ್ತು, ಉಸಿರು ಮೊದಲಿನಷ್ಟು ಇರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ನನ್ನ ಕೈಯಲ್ಲೇ ಫೋನಿತ್ತು, ಆದರೆ ರೆಕಾರ್ಡ್ ಗುಂಡಿ ಒತ್ತಲಿಲ್ಲ. ಸಾಲು ಸಾಲಾಗಿ ಆಕೆ ಹೇಳಿಕೊಟ್ಟಳು, ನಾನು ಹಿಂದಿನಿಂದ ಹೇಳಿದೆ. ಬಿತ್ತಿ ಎಂಬಲ್ಲಿ ದನಿ ಇಳಿಸಬಾರದು, ಏರಿಸಬೇಕು ಎಂದು ತಿದ್ದಿದಳು.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ತಿರುವಿನಲ್ಲಿ ಹಿಂದೆ ನೋಡಿದಾಗ ಗಿರಿಜಮ್ಮ ಕಟ್ಟೆಯ ಮೇಲೆ ಆ ಇಬ್ಬರು ಹೆಂಗಸರ ನಡುವೆ ಕೂತು, ಅವ್ವನ ದನಿಯಿದ್ದ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದಿದ್ದಳು. ನನ್ನ ಕಡೆ ನೋಡುವಷ್ಟು ಪುರುಸೊತ್ತು ಆಕೆಗಿರಲಿಲ್ಲ.