ಎಂಟು ಗಂಟೆಯ ಪಾವು

ತಮಿಳು ಸೀಮೆಯ ಸೋಮನೂರಿನಲ್ಲಿ ನಮ್ಮದು ನಾಲ್ಕು ಮಗ್ಗದ ಶೆಡ್ಡು. ನಮಗೆ ಪಾವು, ಅಂದರೆ ನೇಯಲು ಸುತ್ತಿಟ್ಟ ಹಾಸುನೂಲು, ಕೊಡುವ ವ್ಯಾಪಾರಿ ಒಂದು ವೆಬ್‌ಸೈಟ್ ಮಾಡಿಸಿದ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅದು ತೆರೆಯುತ್ತದೆ. ಮೊದಲು 'ಬೇಕು' ಎಂದು ಒತ್ತಿದವರಿಗೆ ಒಳ್ಳೆಯ ಪಾವು. ಹಾಗಾಗಿ ಊರಿನವರೆಲ್ಲ ಎಂಟಾಗುವುದನ್ನೇ ಕಾದು ಒಟ್ಟಿಗೆ ಲಾಗಿನ್ ಆಗುತ್ತಾರೆ.

ಒಂದೇ ತಿಂಗಳಲ್ಲಿ ಎರಡು ಸಲ, ಅಪ್ಪ 'ಬೇಕು' ಎಂದು ಒತ್ತಿದ ಪಾವು ಅವರ ಹೆಸರಿನಲ್ಲೇ 'ಬೇಡ' ಆಯಿತು. ವ್ಯಾಪಾರಿಯ ಮ್ಯಾನೇಜರ್ ಶೆಡ್ಡಿಗೇ ಬಂದು, ಮಾತು ಕೊಟ್ಟು ತಪ್ಪುವವರಿಗೆ ಇನ್ನು ಪಾವು ಇಲ್ಲ ಎಂದು ನೆರೆಯವರೆದುರು ಕೂಗಾಡಿ ಹೋದ. ಜೀವಮಾನವಿಡೀ ಬಾಯಿಮಾತಿನ ಮೇಲೇ ನೇಯ್ದ ಮನುಷ್ಯ ನನ್ನಪ್ಪ.

"ನಾ ಒತ್ಲಿಲ್ಲ ಅಮ್ಮಿಣಿ" ಎಂದರು, ಮಗಳಾದ ನನ್ನೆದುರು ಆಣೆ ಇಡುವವರ ಹಾಗೆ. ನನ್ನ ಮೈ ಉರಿದುಹೋಯಿತು.

ನಾನು ಶರವಣಂಪಟ್ಟಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವಳು. ಪಕ್ಕದ ಶೆಡ್ಡಿನ ಅತ್ತೆಯನ್ನು ಕೂರಿಸಿಕೊಂಡು, ಅವರು ತಮ್ಮ ಫೋನಿನಲ್ಲಿ, ನಾನು ಅಪ್ಪನದರಲ್ಲಿ, ಒಂದೇ ಕ್ಷಣಕ್ಕೆ ಮತ್ತೆ ಮತ್ತೆ ಲಾಗಿನ್ ಆದೆವು; ಎಲ್ಲವನ್ನೂ ವಿಡಿಯೋ ಮಾಡಿಕೊಂಡೆ. ಐದನೇ ಸಲಕ್ಕೆ ಅತ್ತೆಯ ಫೋನಿನಲ್ಲಿ ಅಪ್ಪನ ಹೆಸರು!

ಒಳಗೆ ಬಂದವರನ್ನು ಗುರುತಿಸಲು ಸೈಟು ಒಬ್ಬೊಬ್ಬರಿಗೂ ಯಾರಿಗೂ ಊಹಿಸಲಾಗದ ಬೇರೆ ಬೇರೆ ಸಂಖ್ಯೆ ಕೊಡಬೇಕು. ಕೆದಕಿ ನೋಡಿದರೆ, ಸೈಟು ಮಾಡಿದ ಮಹಾಶಯರು ಅದನ್ನು ಗಡಿಯಾರದ ಸೆಕೆಂಡಿನಿಂದ ಹುಟ್ಟಿಸಿದ್ದರು. ಒಂದೇ ಸೆಕೆಂಡಿಗೆ ಬಂದ ಇಬ್ಬರಿಗೂ ಒಂದೇ ಸಂಖ್ಯೆ, ಎರಡು ಮನೆಗೆ ಒಂದೇ ಬೀಗದ ಕೈ ಕೊಟ್ಟ ಹಾಗೆ. ಯಾರೋ ತಮ್ಮದೆಂದುಕೊಂಡು ಒತ್ತಿದ 'ಬೇಡ' ಅಪ್ಪನ ತಲೆಗೆ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮಜ್ಜಿ ಮಕ್ಕಳಿಗೆ ಮಗ್ಗ ಪಾಲು ಮಾಡಿದಾಗ, ಚೀಟಿಗಳನ್ನು ಚೊಂಬಿನಲ್ಲಿ ಕುಲುಕಿ, ಎತ್ತುವವರ ಕಣ್ಣಿಗೆ ಬಟ್ಟೆ ಕಟ್ಟಿದ್ದಳಂತೆ. ಅಕ್ಷರ ಬಾರದ ಅವಳಿಗಿದ್ದ ಬುದ್ಧಿ ಈ ಓದಿದವರಿಗಿರಲಿಲ್ಲ.

ಆ ವಿಡಿಯೋ ಹಿಡಿದುಕೊಂಡು ವ್ಯಾಪಾರಿಯ ಆಫೀಸಿಗೆ ಹೋದೆ. ಮ್ಯಾನೇಜರ್ ನೋಡಿ ನಕ್ಕ. ಒಂದೇ ಸೆಕೆಂಡಿಗೆ ಇಬ್ಬರು ಬರುವುದು ಅಪರೂಪವಲ್ಲವೇನಮ್ಮ ಎಂದ. ಊರಿಗೆ ಊರನ್ನೇ ಎಂಟಕ್ಕೆ ಸಾಲು ನಿಲ್ಲಿಸಿದವರು ಯಾರು ಎಂದು ದನಿ ಏರಿಸಿಯೇ ಕೇಳಿದೆ. ಅವನ ನಗು ನಿಂತಿತು.

ವಾರದೊಳಗೆ ಸೈಟು ಸರಿಮಾಡಿದರು. ಅಪ್ಪನ ಫೋನಿಗೆ ತಮಿಳಿನಲ್ಲಿ ಸಂದೇಶ ಬಂತು: ನಿಮ್ಮ ಹಿಂದಿನ ತಪ್ಪನ್ನು ಮನ್ನಿಸಲಾಗಿದೆ, ಇನ್ನು ಪಾವು ಪಡೆಯಬಹುದು.

ಅಪ್ಪ ಎರಡು ಸಲ ಓದಿ ಫೋನನ್ನು ನನ್ನ ಕೈಗೆ ಕೊಟ್ಟರು. "ಯಾವ ತಪ್ಪು ಅಮ್ಮಿಣಿ?"

ನಾಲ್ಕು ಮಗ್ಗವೂ ಖಾಲಿ ನಿಂತಿದ್ದವು. ಮರುದಿನ ಎಂಟಕ್ಕೆ, ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆಯನ್ನು ನುಂಗಿಕೊಂಡು, ಅಪ್ಪ ಲಾಗಿನ್ ಆದರು.