ಪಟ್ಟಿ ಬಲಕ್ಕೆ ಹೋಯ್ತು, ತಗ್ಗು ಎಡಕ್ಕೇ ಉಳೀತು

ಬೆಳಗ್ಗೆ ಆರು ಗಂಟೆ. ಮಧುಗಿರಿಯ ಶಿರಾ ರಸ್ತೆಯ ಟೀ ಅಂಗಡಿಗಳಲ್ಲಿ ಇನ್ನೂ ಹಾಲು ಕಾಯುತ್ತಿದೆ. ತಗಡಿನ ಶೆಡ್ಡೊಂದರ ಮುಂದೆ ಚನ್ನಮಲ್ಲಯ್ಯ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಯ ಎರಡು ತುದಿಗೂ ದಾರ ಬಿಗಿದು ಹಿಡಿದಿದ್ದಾರೆ. ದಾರಕ್ಕೂ ಪಟ್ಟಿಯ ನಡುವಿಗೂ ಎಷ್ಟು ಅಂತರವಿದೆ ಎಂದು ಹೆಂಡತಿ ಪಟಾಲಮ್ಮ ಸ್ಕೇಲ್ ಇಟ್ಟು ನೋಡುತ್ತಾರೆ.

“ನಾಕೂಮುಕ್ಕಾಲು.”

“ಇನ್ನೊಂದ್ಸಲ ನೋಡು.”

“ನೋಡ್ದೆ. ನಾಕೂಮುಕ್ಕಾಲೇ. ನೋಡ್ತಾ ಇದ್ರೆ ಇಂಚು ಬೆಳೆಯಾಕಿಲ್ಲ.”

ಚನ್ನಮಲ್ಲಯ್ಯನವರಿಗೆ ನಂಬಿಕೆ ಬರುವುದಿಲ್ಲ. ಸ್ಕೇಲ್ ಇಸಿದುಕೊಂಡು ತಾವೇ ಬಗ್ಗಿ ನೋಡುತ್ತಾರೆ. ಐವತ್ತೇಳರ ಈ ಮನುಷ್ಯ ನಾಲ್ಕು ದಶಕ ಅಳತೆಯನ್ನು ಕಣ್ಣಲ್ಲೇ ಹಿಡಿದವರು. ಎರಡೆರಡು ಸಲ ಅಳೆಯುವ ಅಭ್ಯಾಸ ಅಂಟಿದ್ದು ಈ ವರ್ಷ, ಒಂದು ಕಾರಿನಿಂದ.

ಲಾರಿ, ಟ್ರೈಲರ್, ಹಳೆಯ ಕಾಲದ ಕಾರು, ಇವುಗಳ ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಕೂರಿಸಿದ ಪಟ್ಟಿಗಳಿರುತ್ತವೆ. ಭಾರ ಹೊತ್ತೂ ಹೊತ್ತೂ ಅವುಗಳ ಬಾಗು ಸಾಯುತ್ತದೆ, ಗಾಡಿ ಕುಸಿದು ಕೂರುತ್ತದೆ. ಪಟ್ಟಿಗಳನ್ನು ಬಿಚ್ಚಿ, ಒಳಮೈಗೆ ಸಾಲಾಗಿ ಸುತ್ತಿಗೆ ಏಟು ಕೊಟ್ಟು ಬಾಗನ್ನು ಮರಳಿ ತರುವುದು ಚನ್ನಮಲ್ಲಯ್ಯನವರ ಕೆಲಸ. ಒಂದು ಪಟ್ಟಿಗೆ ನೂರೈವತ್ತು ಏಟು, ಸುತ್ತಿಗೆಯ ತೂಕ ನಾಲ್ಕು ಕೆ.ಜಿ. ಮೊದಲು ದಿನಕ್ಕೆ ಐದು ಗಾಡಿ ಬರುತ್ತಿದ್ದವು, ಈಗ ಎರಡು. ಹುಟ್ಟೂರು ಚನ್ನರಾಯನದುರ್ಗ. ಹದಿನಾರನೇ ವಯಸ್ಸಿಗೆ ಶಿರಾಕ್ಕೆ ಹೋಗಿ ಉಸ್ತಾದರೊಬ್ಬರ ಕೈಕೆಳಗೆ ಕಲಿತರು. ಎಡಗಿವಿ ಅರ್ಧ ಕಿವುಡಾಗಿದೆ. ಬಲಗೈ ಹೆಬ್ಬೆರಳು ನೆಟ್ಟಗಾಗುವುದಿಲ್ಲ. ಇಕ್ಕಳದಲ್ಲಿ ಪಟ್ಟಿ ಹಿಡಿಯುವ ಪಟಾಲಮ್ಮನವರ ಅಂಗೈ ಮುಟ್ಟಿದರೆ ಒಣಗಿದ ಚರ್ಮದ ಚೀಲ ಮುಟ್ಟಿದಂತಾಗುತ್ತದೆ.

ಆ ಕಾರು ಮಿಡಿಗೇಶಿಯ ಭೀಮರಾಜು ಅವರದು. ಅವರ ತಂದೆ ಓಡಿಸುತ್ತಿದ್ದ, ೧೯೬೧ರ ಅಂಬಾಸಿಡರ್. ಭೀಮರಾಜು ಅದಕ್ಕೆ ಕೆನೆಬಣ್ಣ ಹೊಡೆಸಿದ್ದಾರೆ, ಆದರೆ ಮದುವೆ ಮೆರವಣಿಗೆಗೆ ಕೊಡುವುದಿಲ್ಲ. ವಾರಕ್ಕೆ ಮೂರು ದಿನ ಊರಿನ ಮೂವರನ್ನು ಡಯಾಲಿಸಿಸ್‌ಗೆಂದು ಮಧುಗಿರಿಗೆ ಕರೆದುಕೊಂಡು ಬರುತ್ತಾರೆ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುವುದು ಖಾತ್ರಿಯಿಲ್ಲ. ಚಿಕಿತ್ಸೆ ಮುಗಿಸಿದವರು ನಿಂತು ಹೋಗುವ ಸ್ಥಿತಿಯಲ್ಲಿರುವುದಿಲ್ಲ.

ಮಾಘದಲ್ಲಿ ಕಾರಿನ ಹಿಂಭಾಗ ಎಡಕ್ಕೆ ಕುಸಿಯಿತು. ಹಳ್ಳ ಇಳಿದಾಗಲೆಲ್ಲ ಚಕ್ರ ಮೇಲಿನ ತಗಡಿಗೆ ಬಡಿಯತೊಡಗಿತು. ಹಿಂದಿನ ಸೀಟಿನ ಎಡಕ್ಕೆ ಕೂರುವವರು ಆ ಮೂವರಲ್ಲೊಬ್ಬರಾದ ರಾಧಾಮಣಿ, ಅಂಗನವಾಡಿ ಕಾರ್ಯಕರ್ತೆ. “ಧಡ್ ಅಂತ ಬಡಿದ್ರೆ ಸೊಂಟಕ್ಕೆ ಯಾರೋ ಒದ್ದಂಗೆ ಆಗೋದು. ಹೇಳ್ಕಂಡ್ರೆ ಭೀಮಣ್ಣ ಬೇಜಾರು ಮಾಡ್ಕಂತಾರೆ ಅಂತ ಸುಮ್ಕಿದ್ದೆ” ಎನ್ನುತ್ತಾರೆ.

ಚನ್ನಮಲ್ಲಯ್ಯ ಪಟ್ಟಿ ಬಿಚ್ಚಿ, ಬಡಿದು, ಬಾಗಿಸಿ ಕೂರಿಸಿದರು. ಕಾರು ಸಮನಾಗಿ ನಿಂತಿತು. ಹದಿನೈದು ದಿನಕ್ಕೆ ಮತ್ತೆ ಎಡಕ್ಕೆ ವಾಲಿತು. ಉಕ್ಕಿನ ಹದ ಸತ್ತಿರಬೇಕೆಂದು ಶಿರಾದ ಗುಜರಿಯಲ್ಲೆಲ್ಲ ಹುಡುಕಿ ಬೇರೆ ಪಟ್ಟಿ ತಂದು ಹಾಕಿದರು. ಮೂರು ವಾರಕ್ಕೆ ಎರಡು ಬೆರಳಿನಷ್ಟು ತಗ್ಗು. ಆಮೇಲೆ ಅವರ ಅನುಮಾನ ರಾಧಾಮಣಿಯವರ ಮೇಲೆ ತಿರುಗಿತು.

“ಅಮ್ಮಾ, ಒಂದ್ವಾರ ಬಲಗಡೆ ಕೂತ್ಕಳಿ ಅಂದ್ಬುಟ್ಟೆ” ಎಂದು ಈಗ ಹೇಳುವಾಗ ಅವರು ನೆಲ ನೋಡುತ್ತಾರೆ. “ಆವಮ್ಮ ನಲವತ್ತು ಕೆ.ಜಿ. ಇಲ್ಲ. ನಂಗೆ ತಲೆ ಓಡ್ತಿರ್ಲಿಲ್ಲ ಸಾ.”

ರಾಧಾಮಣಿ ಬಲಕ್ಕೆ ಕೂತರು. ಕಾರು ಎಡಕ್ಕೇ ವಾಲಿತು.

ಕೊನೆಗೆ ಎಡದ ಪಟ್ಟಿಗಳನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿದರು. ತಪ್ಪು ಪಟ್ಟಿಯದಾಗಿದ್ದರೆ ಈಗ ಬಲಗಡೆ ಕುಸಿಯಬೇಕಿತ್ತು. “ಪಟ್ಟಿ ಬಲಕ್ಕೆ ಹೋಯ್ತು, ತಗ್ಗು ಎಡಕ್ಕೇ ಉಳೀತು. ಇದೇನು ಮಾಟಾನಾ ಅಂದ್ಕಂಡೆ. ಶೆಡ್ಡಿನ ನೆಲಾನೇ ಓರೆ ಐತಾ ಅಂತ ನೀರು ಸುರಿದು ನೋಡ್ದೆ. ನೆಲ ನೆಟ್ಟಗೇ ಇತ್ತು.”

ಆ ತಿಂಗಳು ಅವರಿಗೆ ಯಾವುದರ ಮೇಲೂ ಭರವಸೆ ಇರಲಿಲ್ಲ. ಲಾರಿಯ ಪಟ್ಟಿ ಬಡಿದು ಮುಗಿಸಿ, ಗಾಡಿ ರಸ್ತೆಗೆ ಹೋದ ಮೇಲೆ ಹಿಂದೆ ಓಡಿ ನಿಲ್ಲಿಸಿ ಮತ್ತೆ ನೋಡಿದ್ದುಂಟು. ಕಣ್ಣು ಮಂಜಾಗಿದೆಯೇನೋ ಎಂದು ಪರೀಕ್ಷೆ ಮಾಡಿಸಿಕೊಂಡು ಬಂದರು, ಕಣ್ಣು ಸರಿಯಾಗೇ ಇತ್ತು. “ಊಟ ಮುಂದಿಟ್ರೆ ತಟ್ಟೇನೇ ನೋಡ್ಕಂಡು ಕೂತಿರೋರು. ಸಾಕು ಬುಡು ಈ ಕೆಲ್ಸ ಅಂದ್ಬುಟ್ರು ಒಂದಿನ. ನಂಗೆ ಅವತ್ತು ಭಯ ಆಯ್ತು” ಎನ್ನುತ್ತಾರೆ ಪಟಾಲಮ್ಮ.

ಗಂಟು ಬಿಡಿಸಿದವರು ಪಟಾಲಮ್ಮನವರೇ. ಒಂದು ಭಾನುವಾರ ಬೆಳಗ್ಗೆ ಜಾಕ್ ಕೊಟ್ಟು ನಿಲ್ಲಿಸಿದ್ದ ಕಾರಿನಡಿ ಕೂತು, ಗಟ್ಟಿಯಾಗಿ ಅಂಟಿದ ಮಣ್ಣನ್ನು ಮುರುಕು ಕುಡುಗೋಲಿನಿಂದ ಕೆರೆಯುತ್ತಿದ್ದರು. ಪಟ್ಟಿಯ ಹಿಂದಿನ ತುದಿ ನೇತುಬಿದ್ದಿರುವ ಜಾಗದಲ್ಲಿ ಮಣ್ಣಿನ ಜೊತೆ ಕಪ್ಪು ಡಾಂಬರಿನ ಪದರವೂ ಎದ್ದು ಬಂತು. ಅದರೊಳಗೆ ಒಂದು ತೇಪೆ. ತೇಪೆಯ ಮೂಲೆಯಲ್ಲಿ ಉಳಿಯಿಂದ ಕುಟ್ಟಿದ ಮೂರು ಚುಕ್ಕಿ.

“ಇಲ್ಬನ್ನಿ. ಇದು ನಿಮ್ದೇ ಅಲ್ವಾ?”

ಚನ್ನಮಲ್ಲಯ್ಯ ತಮ್ಮ ಕೆಲಸಕ್ಕೆಲ್ಲ ಹಾಕುವ ಗುರುತು ಅದು. ಹತ್ತೊಂಬತ್ತು ವರ್ಷದ ಹಿಂದೆ ಭೀಮರಾಜು ಅವರ ತಂದೆ ಈ ಕಾರನ್ನೇ ತಂದಿದ್ದರು. ಆಗ ಅದರ ಬಣ್ಣ ಕಪ್ಪು, ಹಾಗಾಗಿ ಇವರಿಗೆ ಗುರುತು ಸಿಕ್ಕಿರಲಿಲ್ಲ. ಗಾಡಿಯ ತಳದ ಚೌಕಟ್ಟಾದ ಚಾಸಿಗೆ ತುಕ್ಕು ಹಿಡಿದಿದ್ದ ಜಾಗಕ್ಕೆ ಚನ್ನಮಲ್ಲಯ್ಯ ತೇಪೆ ಹಾಕಿದ್ದರು. “ಅವ್ರು ಅರ್ಜೆಂಟ್ ಅಂದ್ರು. ಒಳಗಡೆ ವೆಲ್ಡಿಂಗ್ ಮಾಡ್ಬೇಕಿತ್ತು, ಹೊರಗಡೆ ಮಾತ್ರ ಮಾಡಿ ಡಾಂಬರು ಬಳಿದ್ಬುಟ್ಟೆ.” ತೇಪೆಯ ಒಳಗೆ ನೀರು ನಿಂತು ಕಬ್ಬಿಣ ಹಪ್ಪಳವಾಗಿತ್ತು. ಪಟ್ಟಿ ಎಷ್ಟು ಗಟ್ಟಿಯಾದರೂ ಅದರ ತುದಿ ಮೆತ್ತಗಾದ ಚಾಸಿಯೊಳಕ್ಕೆ ದಿನಕ್ಕಿಷ್ಟು ಏರುತ್ತಿತ್ತು, ಕಾರು ಕುಸಿಯುತ್ತಿತ್ತು. ಇನ್ನೊಂದು ದೊಡ್ಡ ಹಳ್ಳಕ್ಕೆ ಬಿದ್ದಿದ್ದರೆ ತೇಪೆ ಕಿತ್ತುಬಂದು, ಚಕ್ರವೇ ಓರೆಯಾಗುತ್ತಿತ್ತು. ಒಳಗೆ ಕಾಯಿಲೆಯ ಮೂವರು.

ಆ ಹೊತ್ತಿಗೆ ಶೆಡ್ಡಿನಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಗ್ರೈಂಡರ್ ಪಕ್ಕದಲ್ಲೇ ಇತ್ತು. ಮೂರು ಚುಕ್ಕಿ ಉಜ್ಜಿಹಾಕುವ ಯೋಚನೆ ಬರಲಿಲ್ಲವೇ ಎಂದು ಚನ್ನಮಲ್ಲಯ್ಯನವರನ್ನು ಕೇಳಿದೆ.

“ಬಂತು. ಯಾಕ್ ಸುಳ್ಳು ಹೇಳ್ಲಿ. ಗ್ರೈಂಡರ್ ಕೈಗೂ ತಗಂಡೆ. ಇವ್ಳು ಏನೂ ಅನ್ಲಿಲ್ಲ, ಸುಮ್ಕೆ ನೋಡ್ತಾ ಕೂತಿದ್ಲು. ಬೈದಿದ್ರೆ ಉಜ್ಜಿಬುಡ್ತಿದ್ನೇನೋ.”

ಅವರು ಭೀಮರಾಜು ಅವರಿಗೆ ಫೋನ್ ಮಾಡಿ ಕರೆಸಿ, ಕಾರಿನಡಿ ಮಲಗಿಸಿ ಟಾರ್ಚ್ ಬಿಟ್ಟು ತೋರಿಸಿದರು. “ಬೈಯೋಣ ಅಂತಲೇ ಬಾಯಿ ತೆಗೆದೆ” ಎನ್ನುತ್ತಾರೆ ಭೀಮರಾಜು. “ಆದ್ರೆ ಆವಯ್ಯ ಕೈ ಕಟ್ಕಂಡು ನಿಂತಿದ್ರು. ಯಾವಾಗ ರೆಡಿ ಆಗ್ತದೆ ಅಂದೆ, ಅಷ್ಟೆ.”

ಕೊಳೆತ ಭಾಗ ಕತ್ತರಿಸಿ, ಲಾರಿ ಚಾಸಿಯ ದಪ್ಪ ಕಬ್ಬಿಣ ಕೂರಿಸಿ, ಒಳಗೂ ಹೊರಗೂ ವೆಲ್ಡ್ ಮಾಡಲು ಆರು ದಿನ ಹಿಡಿಯಿತು. ಆ ವಾರ ಮೂವರೂ ಬಸ್ಸಿನಲ್ಲಿ ಬಂದರು. ಮೂರು ದಿನವೂ ಚನ್ನಮಲ್ಲಯ್ಯ ಕೆಲಸ ನಿಲ್ಲಿಸಿ ಬಸ್ ಸ್ಟ್ಯಾಂಡಿಗೆ ಹೋಗಿ, ಅವರ ಚೀಲ ಹೊತ್ತು ಆಸ್ಪತ್ರೆ ಬಾಗಿಲವರೆಗೂ ನಡೆದರು. ಮಧ್ಯಾಹ್ನ ಮತ್ತೆ ಹೋಗಿ, ಮಿಡಿಗೇಶಿ ಮೇಲೆ ಹೋಗುವ ಪಾವಗಡದ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದರು. “ಈವಯ್ಯ ಯಾಕಿಂಗೆ ಮಾಡ್ತವ್ರೆ ಅಂತ ಗೊತ್ತೇ ಆಗ್ಲಿಲ್ಲ” ಎಂದು ರಾಧಾಮಣಿ ನಗುತ್ತಾರೆ. “ಭೀಮಣ್ಣ ಆಮೇಲೆ ಹೇಳಿದ್ರು. ಈಗ ನಾನು ಮತ್ತೆ ಎಡಗಡೆಗೇ ಕೂತ್ಕಂತೀನಿ.”

ಅದಾಗಿ ಐದು ತಿಂಗಳು. ಕಾರು ಎರಡೂ ಕಡೆ ಸಮನಾಗಿ ನಿಲ್ಲುತ್ತಿದೆ. ಈಗ ಯಾವ ಗಾಡಿ ಬಂದರೂ ಚನ್ನಮಲ್ಲಯ್ಯ ಪಟ್ಟಿ ಮುಟ್ಟುವ ಮೊದಲು ಅಂಗಾತ ಮಲಗಿ ಚಾಸಿಯನ್ನು ಉದ್ದಕ್ಕೂ ಕುಟ್ಟಿ ನೋಡುತ್ತಾರೆ. ಕೇಳುವ ಕಿವಿ ಮೇಲೆ ಬರಲೆಂದು ತಲೆ ಎಡಕ್ಕೆ ಹೊರಳಿಸುತ್ತಾರೆ. ಲಾರಿಯವರು ಹೊತ್ತಾಯಿತೆಂದು ಗೊಣಗುತ್ತಾರೆ, ಕೆಲವರು ಬೇರೆ ಕಡೆ ಹೋಗಿದ್ದೂ ಇದೆ.

ನಿಮಗೇನು ಆಸೆ ಎಂದು ಕೇಳಿದರೆ, ಶೆಡ್ಡಿನ ನಡುವೆ ಸೀಮೆಸುಣ್ಣದಲ್ಲಿ ಎಳೆದ ಉದ್ದನೆಯ ಚೌಕವೊಂದನ್ನು ತೋರಿಸುತ್ತಾರೆ.

“ಇಲ್ಲೊಂದು ಎದೆಮಟ್ಟ ಗುಂಡಿ ತೋಡ್ಬೇಕು ಸಾ, ಗಾಡಿ ಅದ್ರ ಮೇಲೆ ನಿಲ್ಬೇಕು. ಇಷ್ಟು ವರ್ಷ ಗಾಡಿ ಕೆಳಗೆ ಮಲಿಕ್ಕಂಡೇ ನೋಡ್ದೆ. ಇನ್ನುಳಿದ ವರ್ಷ ನಿಂತ್ಕಂಡು, ಸರ್ಯಾಗಿ ನೋಡ್ಬೇಕು.”