ಮರಳು ತುಂಬಿದ ಕಾಲು

ಉಸ್ತಾದರ ಎಡಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಅಗಲವಾಗಿ, ಹಳೆಯ ನಾಣ್ಯದಂತೆ ಕಂದಿತ್ತು. ಎಷ್ಟೋ ವರ್ಷ ಸುತ್ತಿಗೆಯ ಏಟು ತಿಂದ ಬೆರಳು ಅದು. ತಗಡಿನ ಮೇಲೆ ಅದನ್ನು ಆಡಿಸುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಕಣ್ಣಿಗೆ ಕನ್ನಡಿಯಷ್ಟು ನಯವಾಗಿ ಕಾಣುವ ಬಾಗಿಲಿನ ಮೇಲೆ ಆ ಬೆರಳು ಒಂದು ಕಡೆ ತಟಕ್ಕನೆ ನಿಲ್ಲುತ್ತಿತ್ತು. "ಇಲ್ಲೈತೆ" ಎನ್ನುತ್ತಿದ್ದರು. ಒಳಗಿನಿಂದ ಮರದ ಸುತ್ತಿಗೆಯಲ್ಲಿ ಎರಡು ಸಲ ತಟ್ಟಿದ ಮೇಲೆ ಬೆರಳು ಮುಂದಕ್ಕೆ ಹೋಗುತ್ತಿತ್ತು.

ತುಮಕೂರಿನಲ್ಲಿ ಕುಣಿಗಲ್ ರಸ್ತೆಗೆ ಹೊರಳುವ ಕಡೆ ಅವರ ಷೆಡ್ಡು. ಲಾರಿಗೆ, ವ್ಯಾನಿಗೆ ಬಾಡಿ ಕಟ್ಟುವುದು ಕಸುಬು. ಯಾರಾದರೂ ಬರೀ ಚಾಸಿ ತಂದು ನಿಲ್ಲಿಸಿದರೆ ಎರಡು ಮೂರು ತಿಂಗಳಲ್ಲಿ ಅದಕ್ಕೆ ಮೈ ಬರುತ್ತಿತ್ತು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ.

ಅವರ ಬಗ್ಗೆ ಬರೆಯಲು ಅವರು ನನಗೊಂದು ಗಾಡಿ ಕಟ್ಟಿಕೊಟ್ಟ ವರ್ಷದ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಸದಾ ನನ್ನ ಪರವಾಗಿಯೇ ವಾದಿಸುತ್ತದೆ. ಡೈರಿಯಾದರೂ ನಿಜ ಹೇಳೀತು ಎಂದುಕೊಂಡಿದ್ದೆ. ಆದರೆ ಆ ಒಂದು ದಿನದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, 'ಬ್ರೇಕ್ ಕೈಕೊಟ್ಟಿತು' ಎಂದಿದೆ. ಅದು ಸುಳ್ಳು. ಬೇರೆ ಯಾರೂ ಓದದ ಪುಸ್ತಕದಲ್ಲೂ ನಾನು ಸುಳ್ಳು ಬರೆದುಕೊಂಡಿದ್ದೆ.

ಮೂರನೆಯ ವರ್ಷದಲ್ಲಿ ಬಂದ ಪೋಲಿಯೋ ನನ್ನ ಎಡಗಾಲನ್ನು ತೆಗೆದುಕೊಂಡು ಹೋಯಿತು. ಕಾಲು ಇದೆ, ಶಕ್ತಿ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯ ಕಾಲೇಜಿನಲ್ಲಿ ಅಧ್ಯಾಪಕ. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ದಿನವೂ ಬಸ್ಸಿಗೆ ಹತ್ತಿಸಲು ಕಂಡಕ್ಟರ್ ನನ್ನ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಎತ್ತುವಾಗ "ಜಾಗ ಬಿಡ್ರಪ್ಪೋ, ಮೇಷ್ಟ್ರು ಬಂದ್ರು" ಎಂದು ಕೂಗುತ್ತಿದ್ದ. ಆ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳೂ ಇರುತ್ತಿದ್ದರು. ಯಾರ ಕೈಯೂ ತಾಗದೆ ಗುಬ್ಬಿಗೆ ಹೋಗಿ ಬರಬೇಕು ಎಂಬುದೊಂದೇ ನನಗೆ ಆಗ ಇದ್ದ ಆಸೆ.

ಯಾರೋ ಮಾರಿದ ಹಳೆಯ ಕಾರಿನ ಚಾಸಿ ಸಿಕ್ಕಿತು. ಉಸ್ತಾದರ ಬಳಿ ಹೋದೆ. "ಎಡಗಾಲು ಸ್ವಲ್ಪ ವೀಕು. ಕ್ಲಚ್ಚನ್ನು ಕೈಗೆ ಕೊಡಬೇಕು" ಎಂದೆ.

"ಸ್ಕೂಟರ್ ಥರ ಹಿಡಿ ಮಾಡಿ ಗೇರ್ ಕಡ್ಡಿಗೇ ಕೂರಿಸ್ತೀನಿ, ಮೇಷ್ಟ್ರೇ. ಕ್ಲಚ್ ಪೆಡಲ್ಲೇ ತೆಗೆದುಬಿಡ್ತೀನಿ" ಎಂದರು.

ಅಳತೆ ತೆಗೆದುಕೊಳ್ಳುವ ದಿನ ನಾನು ಹೊಸ ಪ್ಯಾಂಟು, ಎತ್ತರದ ಅಟ್ಟೆಯ ಕಂದು ಷೂ ಹಾಕಿಕೊಂಡು ಹೋಗಿದ್ದೆ. ಬೆಂಚಿನ ಮೇಲೆ ನೆಟ್ಟಗೆ ಕೂತು, ಎರಡು ಕೈಯಿಂದಲೂ ಮೊಣಕಾಲನ್ನು ಒತ್ತಿ ಹಿಡಿದು, ಕಾಲು ತನ್ನಷ್ಟಕ್ಕೇ ನಿಂತಿದೆ ಎಂಬಂತೆ ತೋರಿಸಿದೆ. ಅವರು ಬೆನ್ನು, ಭುಜ, ಬಲಗಾಲು ಎಲ್ಲವನ್ನೂ ಟೇಪು ಹಿಡಿದು ಅಳೆದರು. ಎಡಗಾಲಿನ ಹತ್ತಿರ ಬಂದಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ, "ಆಯ್ತು, ಆಯ್ತು, ಅಂದಾಜು ಸಿಕ್ತು" ಎಂದರು. ನಾನು ಮುಚ್ಚಿಟ್ಟದ್ದನ್ನು ನೋಡಬಾರದೆಂದು ಅವರು ನೋಡಲಿಲ್ಲ. ಇಬ್ಬರೂ ಮರ್ಯಾದಸ್ಥರು. ಆ ಮರ್ಯಾದೆಯಲ್ಲಿಯೇ ಗಾಡಿ ತಯಾರಾಯಿತು.

ಮುಂದಿನಿಂದ ಕಾರು, ಹಿಂದಿನಿಂದ ಜೀಪು. ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನ ಹೆಂಡತಿ, "ಏನ್ರೀ ಇದು, ಮುನಿಸ್ಕೊಂಡಿರೋ ಎಮ್ಮೆ ಥರ ಐತೆ ಮುಖ" ಎಂದಳು. ಉಸ್ತಾದರು ಬೇಸರ ಮಾಡಿಕೊಳ್ಳಲಿಲ್ಲ. "ಎಮ್ಮೆ ನಂಬಿಕಸ್ತ ಪ್ರಾಣಿ ಕಣಮ್ಮ. ಕುದುರೆ ಥರ ಬೀಳ್ಸಲ್ಲ" ಎಂದರು.

ಅವರದೊಂದು ಕ್ರಮವಿತ್ತು. ಗಾಡಿ ಕೊಡುವಾಗ ಒಂದು ಚಾಕ್‌ಪೀಸೂ ಕೊಡುತ್ತಿದ್ದರು. ಹದಿನೈದು ದಿನ ಓಡಿಸಬೇಕು. ಎಲ್ಲೆಲ್ಲಿ ದೋಷ ಕಂಡಿತೋ ಅಲ್ಲಲ್ಲಿ ಗಾಡಿಯ ಮೇಲೆಯೇ ಸೊನ್ನೆ ಸುತ್ತಬೇಕು. ಆಮೇಲೆ ಷೆಡ್ಡಿಗೆ ತರಬೇಕು. ಆ ಸೊನ್ನೆಗಳ ಸಮೇತ ಗಾಡಿಯನ್ನು ಅವರು ರಸ್ತೆಗೆ ಕಾಣುವಂತೆಯೇ ನಿಲ್ಲಿಸಿಕೊಳ್ಳುತ್ತಿದ್ದರು. ಸರಿಯಾಯಿತೆಂದು ಗಿರಾಕಿಯೇ ಒಪ್ಪಿ, ತನ್ನ ಕೈಯಿಂದ ಒರೆಸಬೇಕು. ತನ್ನ ತಪ್ಪನ್ನು ಹೀಗೆ ಬೀದಿಯಲ್ಲಿ ಬರೆಸಿಕೊಂಡು ನಿಲ್ಲುವ ಕಸುಬುದಾರನನ್ನು ನಾನು ಬೇರೆ ಕಂಡಿಲ್ಲ.

ನಾನು ಒಂಬತ್ತು ಸೊನ್ನೆ ಸುತ್ತಿದೆ. ಗಾಜು ಗಡಗಡ ಎನ್ನುವುದು, ಬಾಗಿಲ ಸಂದಿನಲ್ಲಿ ನೀರು ಒಸರುವುದು, ಇಂಥವು. ಹತ್ತನೆಯದನ್ನು ಸುತ್ತಲಿಲ್ಲ. ತಿರುವಿನಲ್ಲಿ ನನ್ನ ಎಡಗಾಲು ಇಟ್ಟಲ್ಲಿ ನಿಲ್ಲದೆ, ಪೆಡಲ್ ಇಲ್ಲದ ನುಣ್ಣನೆಯ ನೆಲದ ಮೇಲೆ ಬಲಕ್ಕೆ ಜಾರಿಬರುತ್ತಿತ್ತು. ಎರಡು ಸಲ ಕೈಯಿಂದ ಎತ್ತಿ ವಾಪಸ್ ಇಟ್ಟಿದ್ದೆ. ಅದನ್ನು ಬರೆಯಬೇಕೆಂದರೆ ಸೊನ್ನೆ ಸುತ್ತಬೇಕಾಗಿದ್ದದ್ದು ಗಾಡಿಯ ಮೇಲಲ್ಲ ಎಂದು ಅನ್ನಿಸಿತ್ತು.

ಒಂಬತ್ತನ್ನೂ ಸರಿಮಾಡಿದ ಉಸ್ತಾದರು, "ಇಷ್ಟೇನಾ, ಮೇಷ್ಟ್ರೇ?" ಎಂದರು.

"ಇಷ್ಟೇ" ಎಂದೆ.

ಮುಂದಿನ ವಾರ, ಗುಬ್ಬಿ ಇನ್ನೇನು ಬಂತು ಎನ್ನುವಾಗ, ತಿರುವಿನಲ್ಲಿ ಎದುರಿಗೆ ಹುಲ್ಲಿನ ಗಾಡಿ ಬಂತು. ಬ್ರೇಕ್ ಒತ್ತಿದೆ. ಪೆಡಲು ಅರ್ಧಕ್ಕೆ ನಿಂತಿತು. ಬಗ್ಗಿ ನೋಡಿದರೆ ನನ್ನ ಎಡ ಷೂ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡಿತ್ತು. ಒತ್ತಿದಷ್ಟೂ ನನ್ನ ಕಾಲನ್ನೇ ಒತ್ತುತ್ತಿದ್ದೆ. ಸ್ಟೇರಿಂಗ್ ಎಳೆದೆ. ಗಾಡಿ ರಸ್ತೆ ಪಕ್ಕದ ಜಲ್ಲಿ ರಾಶಿಯನ್ನು ಹತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಜನ ಓಡಿಬರುವಷ್ಟರಲ್ಲಿ ನಾನು ಮಾಡಿದ ಮೊದಲ ಕೆಲಸ, ಷೂವನ್ನು ಕಿತ್ತು ಈಚೆಗೆ ಎಳೆದುಕೊಂಡದ್ದು.

"ಏನಾಯ್ತು ಸಾಮಿ?" ಎಂದು ಹುಲ್ಲಿನ ಗಾಡಿಯವನು ಕೇಳಿದ.

"ಬ್ರೇಕ್ ಹಿಡೀಲಿಲ್ಲ" ಎಂದೆ.

ಆ ಎರಡು ಪದ ನನಗಿಂತ ಮೊದಲು ತುಮಕೂರು ಮುಟ್ಟಿದವು. ಹೆಂಡತಿಯ ತಮ್ಮ ವಕೀಲ. ಸಂಜೆಯೇ ಬಂದ. "ಭಾವ, ನೀವು ಸುಮ್ನಿರಿ. ನೋಟಿಸ್ ಕೊಡೋಣ. ಅಂಗವಿಕಲರ ಜೀವದ ಜೊತೆ ಆಟ ಆಡ್ತಾರಾ ಇವ್ರು? ಗಾಡಿ ಇನ್ಮೇಲೆ ಅವ್ನ ಷೆಡ್ಡಿಗೆ ಹೋಗ್ಕೂಡ್ದು. ಬೆಂಗಳೂರಲ್ಲಿ ಮಾಡ್ಸಣ." ನಾನು ಸುಮ್ಮನಿದ್ದೆ. ಬೆಂಗಳೂರಿನವರಾದರೆ ನನ್ನನ್ನು ಏನೂ ಕೇಳುವುದಿಲ್ಲ ಎಂಬ ಸಮಾಧಾನವೂ ಇತ್ತೇನೋ. ಇತ್ತು ಎಂದೇ ಈಗ ಅನ್ನಿಸುತ್ತದೆ.

ಮಾರನೆಯ ದಿನ ಉಸ್ತಾದರು ಜಲ್ಲಿ ರಾಶಿಯ ಹತ್ತಿರ ಹೋಗಿ ಗಾಡಿ ನೋಡಿ, ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂರಲಿಲ್ಲ. ನನ್ನ ಭಾವಮೈದ ಒಂದೇ ಸಮನೆ ಬೈದ. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು.

"ಕಟ್ಟಿರೋದ್ರಲ್ಲಿ ತಪ್ಪೈತೆ, ಮೇಷ್ಟ್ರೇ. ನಾನೇ ಕಟ್ಟಿದ್ದು, ನಾನೇ ಸರಿಮಾಡ್ಬೇಕು. ಒಂದು ಚಾನ್ಸ್ ಕೊಡಿ. ಆಮೇಲೆ ನೋಟಿಸ್ ಕೊಡಿ, ಜೈಲಿಗೆ ಹಾಕ್ಸಿ."

"ಇನ್ನೊಂದ್ಸಲ ಬ್ರೇಕ್ ಹೋದ್ರೆ ಇವರು ಇರ್ತಾರಾ?" ಎಂದ ಭಾವಮೈದ.

ಒಳಗಿನಿಂದ ನನ್ನ ಹೆಂಡತಿ ಹೇಳಿದಳು: "ಮನೆ ಬಾಗಿಲಿಗೆ ಬಂದು ತಪ್ಪು ನಂದು ಅಂತವ್ರೆ. ಹಂಗನ್ನೋರು ಎಷ್ಟು ಜನ ಸಿಕ್ತಾರೆ? ಒಂದ್ಸಲ ಕೊಡ್ರಿ." ನಾನು ಹೂಂ ಎಂದೆ. ಡೈರಿಯಲ್ಲಿ 'ಔದಾರ್ಯದಿಂದ ಒಪ್ಪಿದೆ' ಎಂದಿದೆ. ಓದಿದರೆ ಕಿವಿ ಬಿಸಿಯಾಗುತ್ತದೆ.

ಮೂರು ದಿನದ ಮೇಲೆ ಷೆಡ್ಡಿಗೆ ಕರೆಸಿದರು. "ಎಲ್ಲ ಚಾಯ್ ಕುಡ್ಕೊಂಡು ಬನ್ರೋ" ಎಂದು ಕೆಲಸಗಾರರನ್ನು ಹೊರಗೆ ಕಳಿಸಿ, ತಗಡಿನ ಬಾಗಿಲನ್ನು ಎಳೆದರು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾವು ನೆಲದ ಮೇಲೆ ಕೂತರು.

"ಬ್ರೇಕ್ ಪೆಡಲಿನ ಅಡೀಲಿ ಪಾಲಿಶ್ ಮೆತ್ಕೊಂಡೈತೆ, ಮೇಷ್ಟ್ರೇ. ಕಂದು ಪಾಲಿಶು."

ನನ್ನ ಷೂ ಅವರ ಕಣ್ಣ ಮುಂದೆಯೇ ಇತ್ತು. "ಯಾವಾಗ ನೋಡಿದಿರಿ?" ಎಂದೆ.

"ಜಲ್ಲಿ ಮೇಲಿದ್ದಾಗ್ಲೇ."

"ಮತ್ತೆ ನಮ್ಮ ಮನೆಯಲ್ಲಿ ಎಲ್ಲರ ಮುಂದೆ ತಪ್ಪು ನಿಮ್ಮದು ಅಂದಿರಲ್ಲ?"

"ನಂದೇ ತಾನೇ? ಕಾಲು ನೋಡ್ದಂಗೆ ಕಾಲಿಡೋ ಜಾಗ ಕಟ್ಟಿದ್ದು ಯಾರು? ಅವತ್ತು ನಾಚ್ಕೊಂಡು ಮುಖ ತಿರುಗಿಸ್ಬಿಟ್ಟೆ." ಆಮೇಲೆ ಇಷ್ಟು ಹೇಳಿದರು, ಇದು ಅಕ್ಷರಶಃ ನೆನಪಿದೆ ಎಂದು ಧೈರ್ಯವಾಗಿ ಹೇಳಬಲ್ಲೆ: "ನಿಮ್ ಕಾಲಿನ ಮಾತು ಊರಲ್ಲಿ ಎದ್ರೆ ನನ್ ಕೈಲಿ ಏನೂ ಮಾಡಕ್ಕಾಗಲ್ಲ. ಗಾಡಿ ಮಾತಾದ್ರೆ ರಿಪೇರಿ ಮಾಡ್ಬೋದು."

ಪ್ಯಾಂಟನ್ನು ಮಡಚಿದೆ. ತಾಯಿ ಹೋದ ಮೇಲೆ ಆ ಕಾಲನ್ನು ಬೇರೆಯವರಿಗೆ ತೋರಿಸಿದ್ದು ಅದೇ ಮೊದಲು. ಹೆಂಡತಿಯೂ ಕತ್ತಲಲ್ಲೇ ಕಂಡವಳು. ಉಸ್ತಾದರು ಎರಡು ಕೈಯಲ್ಲಿ ಅದನ್ನು ಎತ್ತಿಕೊಂಡರು. ಕಣ್ಣು ಮುಚ್ಚಿದರು. ಅಂಗಡಿಯಲ್ಲಿ ಹಣ್ಣನ್ನು ಅಂಗೈಯಲ್ಲಿ ತೂಗುವಂತೆ ಮೆಲ್ಲಗೆ ಮೇಲೆ ಕೆಳಗೆ ಮಾಡಿದರು. ಬಿಟ್ಟರೆ ಎತ್ತ ವಾಲುತ್ತದೆ, ಪಾದ ಯಾವ ಕಡೆಗೆ ತಿರುಗುತ್ತದೆ, ಎಲ್ಲವನ್ನೂ ನೋಡಿದರು. ಅವರ ಮುಖದಲ್ಲಿ ಕರುಣೆ ಇದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ. ತಗಡಿನ ಮೇಲೆ ಬೆರಳಾಡಿಸುವಾಗ ಇರುತ್ತಿದ್ದ ಏಕಾಗ್ರತೆಯೇ ಅಲ್ಲಿತ್ತು. ಅಂದು ನನಗೆ ಆದ ನಿರಾಳವನ್ನು ವಿವರಿಸಲು ಈವರೆಗೂ ಬಂದಿಲ್ಲ.

ಆಮೇಲೆ ಅವರು ಮಾಡಿದ್ದನ್ನು ಹೇಳಿದರೆ ಕೆಲವರು ನಂಬುವುದಿಲ್ಲ. ಹಳೆಯ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಅದರೊಳಗೆ ಮರಳು, ಹೊಟ್ಟು ತುಂಬಿಸಿದರು. ಒಮ್ಮೆ ನನ್ನ ಕಾಲನ್ನು ಎತ್ತುವುದು, ಒಮ್ಮೆ ಅದನ್ನು ಎತ್ತುವುದು. ಒಂದು ಹಿಡಿ ಮರಳು ಹಾಕುವುದು, ಅರ್ಧ ಹಿಡಿ ತೆಗೆಯುವುದು. ಎರಡೂ ಕೈಗೆ ಒಂದೇ ಎನಿಸಿದ ಮೇಲೆ ತುದಿಗೆ ನನ್ನ ಷೂ ಕಟ್ಟಿದರು. ಪ್ಯಾಂಟು ಅವರ ಖಾಕಿಯದು ಎಂದು ನನ್ನ ನೆನಪು. ತಾನೇ ಕಳಿಸಿಕೊಟ್ಟ ನನ್ನ ಬೂದು ಪ್ಯಾಂಟು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅವಳ ಮಾತೇ ಸರಿ ಇರಬಹುದು.

ಆ ಮರಳಿನ ಕಾಲನ್ನು ನನ್ನ ಕಾಲಿರಬೇಕಾದಲ್ಲಿ ಇಟ್ಟು, ತಮ್ಮ ಎಡಗಾಲನ್ನು ಮಡಚಿ ಸೀಟಿನ ಮೇಲೆ ಹಾಕಿಕೊಂಡು, ಕೈ ಕ್ಲಚ್ಚು ಹಿಡಿದು ಅವರೇ ಓಡಿಸಿದರು. ಪಕ್ಕದಲ್ಲಿ ನಾನು. ಕುಣಿಗಲ್ ದಾಟಿ ಹುತ್ರಿದುರ್ಗದ ಕಡೆಯ ತಿರುವುಗಳಿಗೆ ಕರೆದುಕೊಂಡು ಹೋದರು. ಪ್ರತಿ ತಿರುವಿನ ಮೇಲೂ ನಿಲ್ಲಿಸಿ, ಬಗ್ಗಿ, ಷೂ ಎಲ್ಲಿಗೆ ಜಾರಿದೆಯೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದರು. ಒಂದು ಸಲ ಅದು ಸೀದಾ ಬ್ರೇಕಿನ ಅಡಿಗೇ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರು. ಅವರ ಹಣೆ ಬೆವರಿತ್ತು.

"ಇದನ್ನಿಟ್ಕೊಂಡು ದಿನಾ ಓಡಾಡ್ತಿದ್ರಾ, ಮೇಷ್ಟ್ರೇ?" ಎಂದರು. "ಒಂದು ಸೊನ್ನೆ ಸುತ್ತಕ್ಕೆ ಆಗ್ಲಿಲ್ವಾ?"

ಅವರು ನನ್ನನ್ನು ಬೈದದ್ದು ಅದೊಂದೇ ಸಲ.

ಎಷ್ಟು ದಿನ ಹಾಗೆ ಓಡಾಡಿದೆವೋ ಡೈರಿಯಲ್ಲಿಲ್ಲ. ನೆಲದ ತುಂಬ ಬಿಳಿ ಗೆರೆಗಳಾದ ಮೇಲೆ ಅವರು ತಗಡಿನಲ್ಲಿ ಒಂದು ಪುಟ್ಟ ದೋಣಿಯಂಥದ್ದನ್ನು ತಟ್ಟಿದರು. ಒಳಗೆ ಕಂಬಳಿಯ ಅಸ್ತರಿ, ಬ್ರೇಕಿನ ಕಡೆಗೆ ಗೇಣೆತ್ತರದ ಅಂಚು. ಕಾಲನ್ನು ಇಟ್ಟರೆ ಎಂಥ ತಿರುವಿನಲ್ಲೂ ಕದಲುತ್ತಿರಲಿಲ್ಲ. "ಪಟ್ಟಿ ಹಾಕಿ ಕಟ್ಟಿಬಿಡಬಹುದಿತ್ತಲ್ಲ?" ಎಂದು ಕೇಳಿದೆ.

"ಕಟ್ಟಾಕಿದ್ರೆ ಬೆಂಕಿಗಿಂಕಿ ಹತ್ಕೊಂಡ್ರೆ ಇಳಿಯೋದು ಹೆಂಗೆ? ಕಟ್ಟಾಕ್ಬಾರ್ದು. ಅದ್ಕೂ ಕೂತ್ಕೊಳ್ಳೋ ಜಾಗ ಕೊಡ್ಬೇಕು."

ಆ ಗಾಡಿಯಲ್ಲಿ ಒಂಬತ್ತು ವರ್ಷ ಗುಬ್ಬಿಗೆ ಹೋಗಿ ಬಂದೆ. ಯಾರ ಕೈಯೂ ತಾಗಲಿಲ್ಲ.

ಆದರೆ 'ಬ್ರೇಕ್ ಹಿಡೀಲಿಲ್ಲ' ಎಂಬ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಲಿಲ್ಲ. ಕುಣಿಗಲ್ಲಿನಾಚೆ ಮಾರ್ಕೋನಹಳ್ಳಿ ಕಡೆಯ ಭತ್ತದ ವ್ಯಾಪಾರಿಯೊಬ್ಬರು ನಾಲ್ಕು ವ್ಯಾನಿಗೆ ಬಾಡಿ ಕಟ್ಟಿಸಲು ಮಾತಾಡಿದ್ದವರು, ಆ ಸುದ್ದಿ ಕೇಳಿ ಬೇರೆ ಕಡೆಗೆ ಹೋದರಂತೆ. ಅದು ಷೆಡ್ಡಿಗೆ ಅಲ್ಲಿಯವರೆಗೆ ಬಂದಿದ್ದ ಅತಿ ದೊಡ್ಡ ಕೆಲಸ. ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಬೇರೆಯವರಿಂದ. ಅವತ್ತೇ ಷೆಡ್ಡಿಗೆ ಹೋಗಿ ಕೇಳಿದೆ. "ಹೋದ್ರೆ ಹೋಗ್ಲಿ ಬುಡಿ, ಮೇಷ್ಟ್ರೇ. ದೋಣಿ ಅಲ್ಲಾಡ್ತಿಲ್ಲ ತಾನೇ?" ಎಂದರು. ಆಗ ಕುಣಿಗಲ್ಲಿಗೆ ಹೋಗಿ ಆ ವ್ಯಾಪಾರಿಗೆ ನಿಜ ಹೇಳಬಹುದಿತ್ತು. ಗಾಡಿ ಇತ್ತು. ರಸ್ತೆಯೂ ಗೊತ್ತಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಉಸ್ತಾದರು ಹೋದರು. ಎದೆನೋವೆಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋದೆ. ಚಾಪೆಯ ಮೇಲೆ ಎಂಟು ಹತ್ತು ಜನ ಕೂತಿದ್ದರು. ನನಗೊಂದು ಕುರ್ಚಿ ತಂದು ಹಾಕಿದರು. ಮೂಲೆಯಲ್ಲಿದ್ದ ವಯಸ್ಸಾದವರೊಬ್ಬರು ನನ್ನ ಗುರುತು ಹಿಡಿದು ಪಕ್ಕದವರಿಗೆ ಹೇಳಿದರು: "ಇವ್ರೇ ನೋಡಿ ಆ ಮೇಷ್ಟ್ರು. ಬ್ರೇಕ್ ಫೇಲಾಗಿ ಸಾಯೋದ್ರಲ್ಲಿದ್ರು. ಆದ್ರೂ ಉಸ್ತಾದ್‌ಗೆ ಇನ್ನೊಂದು ಚಾನ್ಸ್ ಕೊಟ್ರಂತೆ. ಎಂಥ ದೊಡ್ಡ ಮನ್ಸು! ನನ್ಗೆ ಅಷ್ಟು ಮನ್ಸು ಬರ್ಲಿಲ್ಲ, ನಾಲ್ಕು ವ್ಯಾನ್ ಬೇರೆಯವ್ರಿಗೆ ಕೊಟ್ಬಿಟ್ಟೆ."

ಕುರ್ಚಿಯಿಂದ ಎದ್ದು ನಿಂತೆ ಎಂದು ನೆನಪು. ನಿಜವಾಗಿ ನಿಂತೆನೋ ಇಲ್ಲವೋ. ಆದರೆ ಹೇಳಿದ್ದು ನಿಜ. "ಬ್ರೇಕ್ ಫೇಲಾಗಿರಲಿಲ್ಲ. ನನ್ನ ಕಾಲು ಅದರ ಕೆಳಗೆ ಸಿಕ್ಕಿಕೊಂಡಿತ್ತು. ಅವರಿಗೆ ಮೊದಲ ದಿನವೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ."

ಉಸ್ತಾದರ ದೊಡ್ಡ ಮಗ ತಲೆ ಎತ್ತಿ ನೋಡಿದ. ಅವನಿಗೂ ಗೊತ್ತಿರಲಿಲ್ಲ. ಆ ಭತ್ತದ ವ್ಯಾಪಾರಿ, "ಇದ್ನ ಅವತ್ತೇ ಹೇಳ್ಬೇಕಿತ್ತು, ಮೇಷ್ಟ್ರೇ" ಎಂದರು.

"ಹೌದು" ಎಂದೆ.

ಚಾಪೆಯ ಮೇಲಿದ್ದವರು ಎಂಟು ಹತ್ತು ಜನ. ನನ್ನ ಸುಳ್ಳನ್ನು ಕೇಳಿದ್ದು ಮೂರು ಊರು. ಆ ಲೆಕ್ಕದಲ್ಲಿ ನಾನು ಇನ್ನೂ ಬಹಳ ಜನರಿಗೆ ಹೇಳಬೇಕಾಗಿದೆ. ಇದನ್ನು ಓದುವವರಲ್ಲಿ ಆ ಕಾಲದ ತುಮಕೂರಿನವರು, ಗುಬ್ಬಿಯವರು, ಕುಣಿಗಲ್ಲಿನವರು ಯಾರಾದರೂ ಇದ್ದರೆ, ದಯವಿಟ್ಟು ತಿಳಿಯಿರಿ: ಉಸ್ತಾದರು ಕಟ್ಟಿದ ಗಾಡಿಯಲ್ಲಿ ಬ್ರೇಕು ಸರಿಯಾಗಿಯೇ ಇತ್ತು.